ಮಗು ಕೇಳಿದ್ದು ‘ಅವರು ಯಾರು?’ ಎಂದಷ್ಟೇ

ಕೊಡಗಿನ ಸಿದ್ದಾಪುರದ ಅಕ್ಕನವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಎಂಟು ವರ್ಷದ ಮಗಳ ಜೊತೆ ಟಿವಿಯಲ್ಲಿ ‘ಲೈಟ್‌ಇಯರ್’ ಎಂಬ ಅನಿಮೇಷನ್ ಸಿನಿಮಾ ನೋಡುತ್ತಿದ್ದಿರಿ. ಇಬ್ಬರು ಹೆಂಗಸರು ಮುತ್ತು ಕೊಟ್ಟುಕೊಂಡರು. ‘ಅಮ್ಮಾ, ಅವರು ಯಾರು?’ ಎಂದಳು ಮಗಳು. ನೀವು ತಡಬಡಿಸಿ ಟಿವಿ ಆರಿಸಿದಿರಿ. ‘ಮಕ್ಕಳ ಸಿನಿಮಾದಲ್ಲಿ ಸಲಿಂಗಕಾಮ ಯಾಕೆ? ಇದು ನಮ್ಮ ಸಂಸ್ಕೃತಿಯಲ್ಲ. ಸಂಪಾದಕರೇ ಇದರ ವಿರುದ್ಧ ಬರೆಯಬೇಕು’ ಎಂದು ಕೇಳಿದ್ದೀರಿ.

ವಿರುದ್ಧ ಬರೆಯಲಾರೆ ಅಕ್ಕ. ಆದರೆ ನಿಮ್ಮ ಗಾಬರಿಯನ್ನು ಹಗುರವಾಗಿ ಕಾಣುವವನೂ ನಾನಲ್ಲ.

ಆ ದೃಶ್ಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಸಿನಿಮಾದ ನಾಯಕ, ಗಗನಯಾತ್ರಿ ಬಜ್ ಒಂದು ಬಾಹ್ಯಾಕಾಶ ಹಾರಾಟ ಮುಗಿಸಿ ಬರುವಾಗ ಅವನ ಪಾಲಿಗೆ ಕಳೆದಿರುವುದು ಕೆಲವೇ ನಿಮಿಷ. ನೆಲದ ಮೇಲಿರುವ ಗೆಳತಿ ಅಲಿಶಾಗೆ ವರ್ಷಗಳೇ ಉರುಳಿರುತ್ತವೆ. ಪ್ರತಿ ಸಲ ಬಂದಾಗಲೂ ಅವಳ ಬದುಕು ಮುಂದಕ್ಕೆ ಸಾಗಿರುತ್ತದೆ. ಒಬ್ಬಳೊಂದಿಗೆ ಮದುವೆ ಗೊತ್ತಾಗಿರುತ್ತದೆ, ಮಗ ಹುಟ್ಟಿರುತ್ತಾನೆ, ಕೂದಲು ನೆರೆತಿರುತ್ತದೆ. ಆ ಮುತ್ತು ಬರುವುದು ಅವರ ಮದುವೆಯ 40ನೇ ವರ್ಷದ ಸಂಭ್ರಮದಲ್ಲಿ, ರೆಪ್ಪೆ ಬಡಿಯುವಷ್ಟು ಹೊತ್ತು. ಅದನ್ನೂ ಮೊದಲು ಕತ್ತರಿಸಿದ್ದರು. 2022ರ ಮಾರ್ಚಿನಲ್ಲಿ, ಸಿನಿಮಾ ತಯಾರಿಸಿದ ಪಿಕ್ಸಾರ್ ಸಂಸ್ಥೆಯ ನೌಕರರು ದನಿ ಎತ್ತಿದ ಮೇಲೆ ಮತ್ತೆ ಸೇರಿಸಿದರು. ಅದಿದೆ ಎಂಬ ಕಾರಣಕ್ಕೇ ಯುಎಇ, ಮಲೇಷ್ಯಾದ ಚಿತ್ರಮಂದಿರಗಳಲ್ಲಿ ಈ ಸಿನಿಮಾ ತೆರೆ ಕಾಣಲಿಲ್ಲ.

ನಮ್ಮ ತೊಡಕು ಅರ್ಧಕ್ಕರ್ಧ ನಾವು ಬಳಸುವ ಪದದಲ್ಲೇ ಇದೆ. ಗಂಡು ಹೆಣ್ಣು ನಲವತ್ತು ವರ್ಷ ಕೂಡಿ ಬಾಳಿದರೆ ಅದನ್ನು ‘ಸಂಸಾರ’ ಎನ್ನುತ್ತೇವೆ. ಇಬ್ಬರು ಹೆಂಗಸರು ಹಾಗೆ ಬಾಳಿದರೆ ನಮ್ಮ ಬಾಯಿಗೆ ಬರುವ ಪದದಲ್ಲೇ ‘ಕಾಮ’ ಇದೆ. ನಿಮ್ಮ ಮಗಳಿಗೆ ಆ ಪದ ಗೊತ್ತಿಲ್ಲ. ಅವಳು ಕಂಡದ್ದು ಇಬ್ಬರು ಅಜ್ಜಿಯಂದಿರನ್ನು. ನಮ್ಮ ಪತ್ರಿಕೆಯೂ ಇಷ್ಟು ವರ್ಷ ಆ ಪದವನ್ನು ಯೋಚಿಸದೆ ಅಚ್ಚು ಹಾಕಿದೆ. ಇನ್ನು ಮುಂದೆ ‘ಸಲಿಂಗಪ್ರೇಮ’ ಎಂದೇ ಬರೆಯುತ್ತೇವೆ. ಕಾಮದ ದೃಶ್ಯ ಮಕ್ಕಳ ಸಿನಿಮಾದಲ್ಲಿ ಬೇಡ ಎಂದರೆ ನಾನು ನಿಮ್ಮ ಕಡೆಗೇ, ಅದು ಗಂಡು ಹೆಣ್ಣಿನದಾದರೂ ಸರಿ. ಆದರೆ ನಾಯಕ ನಾಯಕಿಯ ಸೊಂಟ ಹಿಡಿದು ಕುಣಿಯುವಾಗ ನಮ್ಮ ಮನೆಗಳಲ್ಲಿ ಯಾರೂ ರಿಮೋಟ್ ಹುಡುಕುವುದಿಲ್ಲ.

ಸಂಸ್ಕೃತಿಯ ಮಾತಿಗೆ ಬಂದರೆ, ಕೊಡಗು ಬ್ರಿಟಿಷರ ಕೈ ಸೇರಿದ್ದು 1834ರಲ್ಲಿ. ಸಲಿಂಗಪ್ರೇಮಿಗಳನ್ನು ಅಪರಾಧಿಗಳೆಂದ ದಂಡ ಸಂಹಿತೆಯ 377ನೇ ಕಲಮು ಅದೇ ಬ್ರಿಟಿಷರು 1860ರಲ್ಲಿ ಬರೆದದ್ದು. ವಯಸ್ಕರು ಒಪ್ಪಿ ಬಾಳುವುದಕ್ಕೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ಇಂಥ ಮದುವೆಗೆ ಮಾತ್ರ 2023ರಲ್ಲಿ ಮಾನ್ಯತೆ ಸಿಗಲಿಲ್ಲ.

ನನ್ನ ದೊಡ್ಡಪ್ಪನ ಮಗನೊಬ್ಬ ಬೆಂಗಳೂರಿನಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ‘ಪುತ್ತರಿಗೆ ಐನ್‌ಮನೆಗೆ ಬಾ, ಒಬ್ಬನೇ ಬಾ’ ಎಂದರು ಹಿರಿಯರು; ಸುಗ್ಗಿ ಹಬ್ಬಕ್ಕೆ ಕುಲದ ಮೂಲಮನೆಗೆ ಬಾ ಎಂಬ ಕರೆ ಅದು. ಅವನು ಬರುವುದನ್ನೇ ಬಿಟ್ಟ. ಎಲ್ಲರೂ ಗದ್ದೆಯಲ್ಲಿ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎಂದು ಕೂಗುವಾಗ ದೊಡ್ಡಮ್ಮನ ದನಿ ಮಾತ್ರ ಏಳುವುದಿಲ್ಲ. ಮರುದಿನ ಸ್ಟೀಲ್ ಡಬ್ಬಿಗೆ ಹಬ್ಬದ ಸಿಹಿ ತಂಬುಟ್ಟು ತುಂಬಿ, ಬೆಂಗಳೂರಿಗೆ ಹೋಗುವವರ ಕೈಗೆ ಕೊಡುತ್ತಾಳೆ. ವಾರದಲ್ಲಿ ಡಬ್ಬಿ ವಾಪಸ್ ಬರುತ್ತದೆ, ಬೆಳಗಿ ತೊಳೆದು, ಚಕ್ಕುಲಿ ತುಂಬಿಕೊಂಡು. ಚಕ್ಕುಲಿ ಒತ್ತುವುದು ಆ ಇನ್ನೊಬ್ಬ. ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಅವನಿಗೂ ಅವನ ತಾಯಿ ಕಲಿಸಿರಬೇಕು.

ಈ ನನ್ನ ಅಣ್ಣ ಎಂಟು ವರ್ಷದವನಿದ್ದಾಗ ತನ್ನಂಥವರನ್ನು ಯಾವ ಕಥೆಯಲ್ಲೂ ಕಂಡಿರಲಿಲ್ಲ. ಸಿನಿಮಾ ನೋಡಿ ಯಾವ ಮಗುವೂ ಹಾಗಾಗುವುದಿಲ್ಲ; ಅವನು ನೋಡಿದ್ದೆಲ್ಲ ನಾವು ನೋಡಿದ ಸಿನಿಮಾಗಳನ್ನೇ. ಆದರೆ ಕೇಳಿದ ಕೂಡಲೇ ಟಿವಿ ಆರಿಸಿದರೆ, ಇದು ಕೇಳಬಾರದ ವಿಷಯ ಎಂದು ಮಗು ಕಲಿಯುತ್ತದೆ. ನನ್ನ ಅಣ್ಣನಂಥ ಮಗು ನಿಮ್ಮ ಮಗಳ ಪಕ್ಕದ ಬೆಂಚಿನಲ್ಲಿ ಕೂತಿರಬಹುದು.

ಅವಳಿಗೆ ಏನು ಹೇಳಲಿ ಎಂದಿದ್ದೀರಿ. ‘ಅವರಿಬ್ಬರೂ ಮದುವೆಯಾಗಿದ್ದಾರೆ, ನಲವತ್ತು ವರ್ಷವಾಯಿತು’ ಎನ್ನಿ. ಎಂಟರ ವಯಸ್ಸಿಗೆ ಇಷ್ಟು ಸಾಕು. ಬಜ್‌ಗೆ ಮಾತ್ರ ಯಾಕೆ ವಯಸ್ಸಾಗಲಿಲ್ಲ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಅದಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳಿ. ನೀವು ಆರಿಸಿದ ಜಾಗದಿಂದ ಮುಂದೆ ಅಲಿಶಾಳ ಮೊಮ್ಮಗಳು ಇಜ್ಜಿ ಬರುತ್ತಾಳೆ. ಅಜ್ಜಿಯಂತಾಗಬೇಕೆಂಬ ಆಸೆ ಅವಳಿಗೆ, ಆದರೆ ಬಾಹ್ಯಾಕಾಶವೆಂದರೆ ಜೀವಭಯ. ಅವಳನ್ನು ನಿಮ್ಮ ಮಗಳು ಇನ್ನೂ ನೋಡಿಲ್ಲ.

– ಸಂಪಾದಕ