ಪ್ರಿಂಟರ್ ನಿಧಾನ ಅಂತ ಹೊಸದು ತಗೋಬೇಡಿ, ಮೊದಲು ಬೋರ್ಡ್ ಸ್ವಿಚ್ ಆರಿಸೋದು ಬಿಡಿ

ಟ್ಯೂಷನ್ ಮಕ್ಕಳಿಗೆ ನೋಟ್ಸ್ ತೆಗೆಯೋಕೆ ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟಿದ್ದೀರಿ, ಪ್ರಿಂಟ್ ಕೊಟ್ಟರೆ ಬೇಗ ಬರೋದೇ ಇಲ್ಲ, ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಲೋ, ಹೊಸ ಪ್ರಿಂಟರ್ ತಗೊಳ್ಳಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಸಾಲಿದೆ: ಮಶೀನ್ ಹಾಳಾಗಬಾರದು ಅಂತ ಕೆಲಸ ಮುಗಿದ ಕೂಡಲೇ ಬೋರ್ಡ್‌ನಲ್ಲೇ ಸ್ವಿಚ್ ಆರಿಸ್ತೀರಿ. ಅದನ್ನು ಓದಿಯೇ ಉತ್ತರ ಬರೆಯೋಕೆ ಕೂತೆ. ನಾನೂ ಇದನ್ನೇ ಮಾಡುತ್ತಿದ್ದೆ.

ನಮ್ಮ ಮನೆ ಗದಗದಲ್ಲಿ, ಬೆಟಗೇರಿ ಕಡೆ. ಪಡಸಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಪ್ರಿಂಟರ್ ತಂದ ಹೊಸದರಲ್ಲಿ ಚೆನ್ನಾಗಿಯೇ ಓಡಿತು. ಕೋಣೆಯಿಂದ ಹೊರಗೆ ಬರುವಾಗ ಸ್ವಿಚ್ ಆರಿಸಿ ಬರಬೇಕು ಅನ್ನೋದು ಅವ್ವ ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದ್ದು. ಅದರ ಮೇಲೆ ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತೋ, ವೋಲ್ಟೇಜ್ ಜಾಸ್ತಿ ಬಂದು ಮಶೀನ್ ಸುಟ್ಟರೆ ಏನು ಗತಿ ಅನ್ನೋ ಭಯ. ಹೀಗಾಗಿ ನಾಲ್ಕು ಹಾಳೆ ತೆಗೆದರೂ ಬೋರ್ಡ್ ಸ್ವಿಚ್ ಟಪ್ ಅಂತ ಆಫ್. ಸಂಜೆ ಇನ್ನೆರಡು ಹಾಳೆ ಬೇಕಾದರೆ ಮತ್ತೆ ಆನ್, ಮತ್ತೆ ಆಫ್.

ಬರಬರುತ್ತಾ ಮೊದಲ ಹಾಳೆ ಬರೋಕೆ ಕಾಯೋದೇ ಕೆಲಸವಾಯಿತು. ಆನ್ ಮಾಡಿದ ಕೂಡಲೇ ಒಳಗೆ ಹೆಡ್, ಅಂದರೆ ಕಾಗದದ ಮೇಲೆ ಇಂಕ್ ಸಿಡಿಸೋ ಭಾಗ, ಎಡಕ್ಕೂ ಬಲಕ್ಕೂ ಓಡಾಡುತ್ತೆ, ಆಮೇಲೆ ಪಂಪ್ ಎಳೆದಂಥ ಸದ್ದು, ಆಮೇಲೆ ಸುಮ್ಮನೆ ನಿಲ್ಲುತ್ತೆ, ಮತ್ತೆ ಪಂಪ್ ಸದ್ದು. ಮಕ್ಕಳು ಎದುರಿಗೆ ಕೂತಿರುತ್ತಿದ್ದರು. ನಾನು ಕಂಪ್ಯೂಟರ್‌ನದೇ ತೊಂದರೆ ಅಂದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿದೆ, ವೈಫೈ ರೂಟರ್ ಬದಲಿಸಿದೆ. ಏನೂ ಫರಕ್ ಬೀಳಲಿಲ್ಲ. ಅಷ್ಟರಲ್ಲಿ ಅಕ್ಷರಗಳ ನಡುವೆ ಬಿಳಿ ಗೆರೆ ಬರೋಕೆ ಶುರುವಾಯಿತು. ಹೆಡ್ ಕ್ಲೀನಿಂಗ್ ಕೊಟ್ಟೆ. ಹೋಗಲಿಲ್ಲ. ಮತ್ತೆ ಕೊಟ್ಟೆ.

ಕಡೆಗೆ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ, ಮಾದರಿ ಪ್ರಶ್ನೆಪತ್ರಿಕೆ ತೆಗೆಯಬೇಕು ಅನ್ನುವಾಗ ದೀಪಗಳೆಲ್ಲ ಒಟ್ಟಿಗೆ ಮಿನುಗಿ ಪ್ರಿಂಟರ್ ನಿಂತೇಬಿಟ್ಟಿತು. ಇಂಕ್ ಪ್ಯಾಡ್ ಮುಗಿದಿದೆ ಅಂತ ಸ್ಕ್ರೀನ್ ಮೇಲೆ ಬಂತು. ಟ್ಯಾಂಕ್‌ನಲ್ಲಿ ಇಂಕ್ ಇದೆ, ಕಾಗದ ಇದೆ, ಆದರೂ ಒಂದು ಹಾಳೆ ಹೊರಗೆ ಬರಲಿಲ್ಲ. ಅವತ್ತು ಪ್ರಶ್ನೆಗಳನ್ನೆಲ್ಲ ಹಲಗೆ ಮೇಲೆ ಬರೆದುಕೊಟ್ಟೆ. ಭೂಮಿತಿಯ ಚಿತ್ರಗಳನ್ನು ಮಕ್ಕಳು ನೋಡಿ ತೆಗೆದುಕೊಳ್ಳೋದರಲ್ಲೇ ಅರ್ಧ ಹೊತ್ತು ಹೋಯಿತು. ಅದು ಇವತ್ತಿಗೂ ನನಗೆ ಬೇಜಾರು.

ಹುಬ್ಬಳ್ಳಿಗೆ ಒಯ್ದು ರಿಪೇರಿಗೆ ಕೊಟ್ಟೆ. ಆ ಹುಡುಗ ಪಕ್ಕದ ತಿರುಪು ಬಿಚ್ಚಿ ಒಳಗಿನಿಂದ ಒಂದು ಚಿಕ್ಕ ಡಬ್ಬಿ ಎಳೆದ. ಅದರೊಳಗೆ ಒಂದರ ಮೇಲೊಂದು ಉಣ್ಣೆಯಂಥ ದಪ್ಪ ಪಟ್ಟಿಗಳು, ಬಿಳಿ ಇರಬೇಕಾದವು, ಪೂರ್ತಿ ಕರಿ ನೀಲಿ. ಬೆರಳಿನಿಂದ ಒತ್ತಿದರೆ ಇಂಕ್ ಉಕ್ಕಿ ಬರುತ್ತಿತ್ತು. "ಸರ, ಇದು ಪ್ರಿಂಟಿಗೆ ಖರ್ಚಾದ ಇಂಕ್ ಅಲ್ಲ ನೋಡ್ರಿ. ನೀವು ಆನ್ ಆಫ್ ಮಾಡಿದ್ದಕ್ಕ ಹೋದದ್ದು. ಬಟನ್ ಒತ್ತಿ ಆಫ್ ಮಾಡ್ರಿ, ಬೋರ್ಡ್ ಸ್ವಿಚ್ ಮುಟ್ಟಬ್ಯಾಡ್ರಿ" ಅಂದ. ಆ ಪಟ್ಟಿಗಳೇ ಇಂಕ್ ಪ್ಯಾಡ್. ಅವನ್ನು ಬದಲಿಸಿ, ಪ್ಯಾಡ್ ಎಷ್ಟು ತುಂಬಿದೆ ಅಂತ ಲೆಕ್ಕ ಇಡೋ ಕೌಂಟರ್ ರೀಸೆಟ್ ಮಾಡಿ, ಹೆಡ್ ಕೂಡ ತೊಳೆದುಕೊಟ್ಟ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳಿಕೊಡಲ್ಲ. ಇಂಕ್‌ಜೆಟ್ ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರುತ್ತವೆ. ಗಾಳಿ ತಾಗಿದರೆ ಅವುಗಳ ಬಾಯಲ್ಲಿ ಇಂಕ್ ಒಣಗುತ್ತೆ. ಅದಕ್ಕೇ ಪ್ರಿಂಟರ್‌ನ ಒಂದು ಮೂಲೆಯಲ್ಲಿ ರಬ್ಬರ್ ಮುಚ್ಚಳ ಇಟ್ಟಿರುತ್ತಾರೆ. ಪ್ರಿಂಟರ್ ಮೇಲಿನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಆ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಸರಿಯಾಗಿ ಕೂತು, ಆಮೇಲೆ ದೀಪ ಆರುತ್ತೆ. ಬೋರ್ಡ್‌ನಲ್ಲಿ ಆಫ್ ಮಾಡಿದರೆ ಅದು ಎಲ್ಲಿತ್ತೋ ಅಲ್ಲೇ ನಿಂತುಬಿಡಬಹುದು. ಗದಗದ ಬೇಸಿಗೆ ಗಾಳಿ, ಧೂಳು ನಿಮಗೆ ಗೊತ್ತಲ್ವಾ, ಒಣಗೋಕೆ ಎಷ್ಟು ಹೊತ್ತು ಬೇಕು? ಮುಂದಿನ ಸಲ ಆನ್ ಮಾಡಿದಾಗ ಮಶೀನ್ ತನ್ನನ್ನು ತಾನೇ ತೊಳೆದುಕೊಳ್ಳೋಕೆ ಶುರು ಮಾಡುತ್ತೆ. ಆ ತೊಳೆಯೋ ಹೊತ್ತನ್ನೇ ನಾವು ಪ್ರಿಂಟರ್ ನಿಧಾನ ಅಂತ ಕರೀತೀವಿ. ತೊಳೆದ ಇಂಕ್ ಹೋಗಿ ಸೇರೋದು ಆ ಪ್ಯಾಡ್‌ಗೆ. ಹೊತ್ತೂ ಹೋಯಿತು, ಇಂಕೂ ಹೋಯಿತು, ಕಡೆಗೆ ರಿಪೇರಿ ದುಡ್ಡೂ ಹೋಯಿತು.

ಕರೆಂಟ್ ಉಳಿಯುತ್ತಲ್ಲ ಅಂತೀರಾ? ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್ ಸುಮ್ಮನೆ ನಿದ್ದೆಯಲ್ಲಿದ್ದಾಗ ಎಳೆಯೋದು ಹೆಚ್ಚುಕಡಿಮೆ 1 ವ್ಯಾಟ್. ಇಡೀ ವರ್ಷ ಹಾಗೇ ಬಿಟ್ಟರೂ ಲೆಕ್ಕ 9 ಯೂನಿಟ್ ಆಸುಪಾಸಿಗೆ ಬರುತ್ತೆ. ಹೆಸ್ಕಾಂ ಬಿಲ್‌ನಲ್ಲಿ ಅದು ಕಾಣೋದೂ ಇಲ್ಲ.

ನಮ್ಮ ಕಾಕಾ ಗದಗದ ಒಂದು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಗದಗ ಅಂದರೆ ಮುದ್ರಣಕ್ಕೆ ಹೆಸರಾದ ಊರು, ಲಗ್ನಪತ್ರಿಕೆಯಿಂದ ಪುಸ್ತಕದವರೆಗೆ ಇಲ್ಲಿ ಅಚ್ಚಾಗಿದೆ. ಮಶೀನ್ ಓಡೋಕೆ ಹೊತ್ತು ಹಿಡಿಯಲ್ಲ, ಅದನ್ನು ಓಡೋ ಹದಕ್ಕೆ ತರೋಕೆ ಹೊತ್ತು ಹಿಡಿಯುತ್ತೆ ಅಂತ ಅವರು ಹೇಳುತ್ತಿದ್ದರು. ಮೊಳೆ ಕಟ್ಟಿ, ಒತ್ತಡ ಸರಿ ಮಾಡಿ, ಮೊದಲ ಹಾಳೆ ನೋಡಿ ಒಪ್ಪಿಕೊಳ್ಳೋವರೆಗೇ ಅವರಿಗೆ ಅರ್ಧ ದಿನ. ಆಮೇಲೆ ಸಾವಿರ ಪ್ರತಿ ತಾನೇ ಬರುತ್ತಿತ್ತು. ಮನೆ ಪ್ರಿಂಟರ್‌ದೂ ಅದೇ ಲೆಕ್ಕ. ಅದಕ್ಕೇ ನಿಮ್ಮ ಪ್ರಶ್ನೆಯೇ ಸ್ವಲ್ಪ ಬೇರೆ ಕಡೆ ಹೋಗಿದೆ ಅನ್ಸುತ್ತೆ. ನಿಮಿಷಕ್ಕೆ ಎಷ್ಟು ಹಾಳೆ ಅಂತ ನೋಡಬೇಡಿ, ಪ್ರಿಂಟ್ ಒತ್ತಿದ ಮೇಲೆ ಮೊದಲ ಹಾಳೆ ಕೈಗೆ ಬರೋಕೆ ಎಷ್ಟು ಹೊತ್ತು ಅಂತ ನೋಡಿ.

ಡಬ್ಬದ ಮೇಲಿನ ನಂಬರ್ ನಂಬಿ ಹೊಸದು ತಗೊಂಡರೂ ಕೈಗೆ ಏನೂ ಹತ್ತಲ್ಲ. ಎಪ್ಸನ್ ಎಲ್3110 ನೋಡಿ, ಡ್ರಾಫ್ಟ್‌ನಲ್ಲಿ, ಅಂದರೆ ತೆಳುವಾಗಿ ಬೇಗ ತೆಗೆಯೋ ಮೋಡ್‌ನಲ್ಲಿ, ನಿಮಿಷಕ್ಕೆ 33 ಹಾಳೆವರೆಗೆ ಅಂತ ಬರೆದಿದ್ದಾರೆ. ಅದೇ ಎಲ್ಲ ಕಂಪನಿಗೂ ಒಂದೇ ಆದ ಐಎಸ್ಒ ಅಳತೆಯಲ್ಲಿ ಕಪ್ಪಿಗೆ 10, ಬಣ್ಣಕ್ಕೆ 5. ದಿನಬಳಕೆಗೆ ಹತ್ತಿರ ಇರೋದು ಎರಡನೇ ಲೆಕ್ಕ. ನೋಟ್ಸ್‌ಗೆ ಬಣ್ಣ ಯಾಕೆ ಬೇಕು? ಪ್ರಿಂಟಿಂಗ್ ಪ್ರಿಫರೆನ್ಸಸ್‌ಗೆ ಹೋಗಿ ಗ್ರೇಸ್ಕೇಲ್ ಹಾಕಿ. ಅಲ್ಲೇ ಪೇಪರ್ ಟೈಪ್ ನೋಡಿ, ಯಾವಾಗಲೋ ಫೋಟೋ ತೆಗೆಯೋಕೆ ಗ್ಲಾಸಿ ಅಂತ ಇಟ್ಟು ಮರೆತಿದ್ದರೆ ಹೆಡ್ ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡಾಡುತ್ತೆ. ಪ್ಲೇನ್ ಪೇಪರ್ ಮಾಡಿ. ಕ್ವಾಲಿಟಿ ಹೈ ಬೇಡ, ಸ್ಟ್ಯಾಂಡರ್ಡ್ ಸಾಕು, ನಿಮಗೇ ಓದೋಕೆ ಅಂದರೆ ಡ್ರಾಫ್ಟ್. ಬೈಡೈರೆಕ್ಷನಲ್ ಅಥವಾ ಹೈ ಸ್ಪೀಡ್ ಅಂತ ಒಂದು ಟಿಕ್ ಇರುತ್ತೆ, ಅದಿದ್ದರೆ ಹೆಡ್ ಹೋಗುವಾಗಲೂ ಬರುವಾಗಲೂ ಪ್ರಿಂಟ್ ಮಾಡುತ್ತೆ. ಕ್ವಯಟ್ ಮೋಡ್ ಇದ್ದರೆ ತೆಗೆಯಿರಿ, ಸದ್ದು ಕಮ್ಮಿ ಮಾಡೋಕೆ ಅದು ಬೇಕಂತಲೇ ನಿಧಾನ ಓಡಿಸುತ್ತೆ.

ಇನ್ನೊಂದು, ವಾಟ್ಸಾಪ್‌ನಲ್ಲಿ ಬರೋ ನೋಟ್ಸ್. ಯಾರೋ ಮೊಬೈಲ್‌ನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡಿರುತ್ತಾರೆ, ಹಿಂದಿನ ಬಿಳಿ ಕಾಗದವೂ ಬೂದು ಬಣ್ಣದಲ್ಲಿ ಬಂದಿರುತ್ತೆ. ಆ ಬೂದು ಬಣ್ಣವನ್ನೂ ಪ್ರಿಂಟರ್ ಹಾಳೆ ತುಂಬ ಹಚ್ಚಬೇಕು. ಇಂಥದ್ದನ್ನು ಮೊದಲು ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿಕೊಳ್ಳಿ, ಎದ್ದು ಕಾಣುವಷ್ಟು ವ್ಯತ್ಯಾಸ ಆಗುತ್ತೆ. ನುಡಿ ತಂತ್ರಾಂಶದ ಕನ್ನಡ ಅಕ್ಷರ ಬೇರೆ ಕಂಪ್ಯೂಟರ್‌ನಲ್ಲಿ ಕೆಡುತ್ತೆ ಅಂತ ಪುಟವನ್ನೇ ಚಿತ್ರ ಮಾಡಿ ಪ್ರಿಂಟ್ ಕೊಡೋರೂ ಇದ್ದಾರೆ, ಅದು ಬೇಡ. ಪಿಡಿಎಫ್ ಮಾಡುವಾಗ ಫಾಂಟ್ ಅದರೊಳಗೇ ಸೇರಿಸಿದರೆ ಅಕ್ಷರ ಕೆಡಲ್ಲ, ಫೈಲೂ ಹಗುರ.

ರ‍್ಯಾಮ್‌ನಿಂದ ಹಾಳೆ ಬೇಗ ಬರಲ್ಲ, ಫೈಲ್ ತೆರೆಯೋಕೆ ಅನುಕೂಲ ಅಷ್ಟೇ. ವೈಫೈ ಮೇಲೆ ಪ್ರಿಂಟ್ ಕೊಟ್ಟು ಕಾಯೋ ಹಾಗಾದರೆ ಒಂದು ಯುಎಸ್‌ಬಿ ಕೇಬಲ್ ಹಾಕಿ ನೋಡಿ. ಕಾಗದ ಎಳೆಯೋಕೆ ಒದ್ದಾಡುತ್ತಿದ್ದರೆ ರೋಲರ್ ಮೇಲೆ ಧೂಳು ಕೂತಿರುತ್ತೆ, ಒದ್ದೆ ಬಟ್ಟೆ ಹಿಂಡಿ ಒರೆಸಿ.

ಮೂವತ್ತು ಮಕ್ಕಳಿಗೆ ಮೂವತ್ತು ಪ್ರತಿ ಅಂದರೆ ಅದನ್ನು ಮನೆಯಲ್ಲಿ ತೆಗೆಯಲೇಬೇಡಿ. ಒಂದು ಪ್ರತಿ ಚೆನ್ನಾಗಿ ಪ್ರಿಂಟ್ ತೆಗೆದು ಝೆರಾಕ್ಸ್ ಅಂಗಡಿಗೆ ಕೊಡಿ. ದಿನಾ ಇಷ್ಟು ಬೇಕೇ ಬೇಕು ಅನ್ನೋದಾದರೆ ಮಾತ್ರ ಕಪ್ಪು ಬಿಳುಪಿನ ಲೇಸರ್ ಯೋಚಿಸಿ, ಅದರಲ್ಲಿ ಒಣಗೋ ಇಂಕೇ ಇಲ್ಲ. ಆದರೆ ಲೇಸರ್ ಅನ್ನು ಮನೆ ಇನ್ವರ್ಟರ್ ಮೇಲೆ ಓಡಿಸಬೇಡಿ, ಕಾಗದಕ್ಕೆ ಪುಡಿಯನ್ನು ಬಿಸಿಯಿಂದ ಅಂಟಿಸೋ ಒಳಗಿನ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತೆ.

ವೋಲ್ಟೇಜ್ ಭಯ ನನಗೂ ಇದೆ, ಅದು ಸುಳ್ಳಲ್ಲ. ಅದಕ್ಕೆ ಸ್ಪೈಕ್ ಗಾರ್ಡ್ ಹಾಕಿ. ಊರಿಗೆ ಹೋಗುವಾಗ ಬೋರ್ಡ್ ಆರಿಸಲೇಬೇಕಾದರೆ ಮೊದಲು ಬಟನ್ ಒತ್ತಿ, ದೀಪ ಮಿನುಗೋದು ಪೂರ್ತಿ ನಿಂತ ಮೇಲೆ ಆರಿಸಿ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಬಂದ ಕೂಡಲೇ ಒಮ್ಮೆ ಆನ್ ಮಾಡಿ ಹೆಡ್ ಮೂಲೆಗೆ ಹೋಗಲು ಬಿಡಿ, ನಾಳೆ ನೋಡಿದರಾಯಿತು ಅಂತ ಬಿಡಬೇಡಿ. ಇಷ್ಟು ಮಾಡಿಯೂ ಮೊದಲ ಹಾಳೆ ತಡವಾದರೆ ಮಾಡೆಲ್ ಯಾವುದು, ಬಿಳಿ ಗೆರೆ ಬರುತ್ತಾ ಇಲ್ಲವಾ ಅಂತ ಬರೆಯಿರಿ, ನೋಡಿ ಹೇಳುತ್ತೇನೆ.