ಪಿಎಚ್ ಲೆಕ್ಕಕ್ಕೆ ಯಾವ್ಯಾವ ಫಾರ್ಮುಲಾ ಬಾಯಿಪಾಠ ಮಾಡ್ಬೇಕು?

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯು, ಪಿಎಚ್ ಲೆಕ್ಕ ತಲೆಗೆ ಹತ್ತಲ್ಲ, ಶಾರ್ಟ್‌ಕಟ್ ಲಿಸ್ಟ್ ಕೊಡಿ ಅಂದಿದ್ದೀರ. ಲಿಸ್ಟು ನನ್ ಹತ್ರಾನೂ ಇತ್ತು, ನೋಟ್‌ಬುಕ್ಕಿನ ಕೊನೇ ಹಾಳೆ ತುಂಬ. ಅದನ್ನ ನಂಬ್ಕೊಂಡೇ ಪಿಯು ದಾಟಿ, ಬಿಎಸ್ಸಿನೂ ಮುಗಿಸಿ, ಒಂದು ಸಕ್ಕರೆ ಫ್ಯಾಕ್ಟರಿಗೆ ಲ್ಯಾಬ್ ಕೆಲಸಕ್ಕೆ ಇಂಟರ್‌ವ್ಯೂ ಹೋಗಿದ್ದೆ.

ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತಾರೆ ಅಂತ ಕೇಳಿದ್ರು. ಹಾಲು ಒಂಚೂರು ಆಮ್ಲೀಯ, ಪಿಎಚ್ 5ರ ಆಸುಪಾಸು, ಹಂಗೇ ಕಾಯಿಸಿದ್ರೆ ಸಕ್ಕರೆ ಒಡೆದು ಗ್ಲೂಕೋಸು ಫ್ರಕ್ಟೋಸು ಆಗ್ಬಿಡುತ್ತೆ, ಅದಕ್ಕೇ 7ರ ಹತ್ರ, ಅಂದ್ರೆ ಆಸಿಡ್ಡೂ ಅಲ್ಲದ ಬೇಸೂ ಅಲ್ಲದ ಕಡೆಗೆ, ತರ್ತಾರೆ ಅಂದೆ. ಚೀಫ್ ಕೆಮಿಸ್ಟ್ ತಲೆ ಆಡಿಸಿದ್ರು. ಆಮೇಲೆ ಪಿಎಚ್ 2 ಇರೋ ಆಸಿಡ್ ಒಂದು ಲೀಟರು, ಪಿಎಚ್ 4 ಇರೋದು ಒಂದು ಲೀಟರು, ಎರಡೂ ಎಚ್‌ಸಿಎಲ್ಲೇ (ಹೈಡ್ರೋಕ್ಲೋರಿಕ್ ಆಸಿಡ್), ಬೆರೆಸಿದ್ರೆ ಎಷ್ಟು ಅಂದ್ರು. ಪೆನ್ನೂ ಮುಟ್ಟದೆ 3 ಅಂದ್ಬಿಟ್ಟೆ.

'ಪಿಎಚ್ ಏನು ಟೆಸ್ಟ್ ಮಾರ್ಕ್ಸೇನಪ್ಪಾ, ಆವರೇಜ್ ತೆಗೆಯೋಕೆ?' ಅಂದ್ರು. ಅಷ್ಟೇ, ಕೆಲಸ ಹೋಯ್ತು.

ಆಗಿದ್ದೇನು ಅಂದ್ರೆ, ಪಿಎಚ್ ಅನ್ನೋದು ಆಸಿಡ್ಡಿನ ಅಳತೆ ಅಲ್ಲ, ಆ ಅಳತೆಯ (ಲೀಟರಿಗೆ ಎಷ್ಟು ಮೋಲ್ ಎಚ್ ಪ್ಲಸ್, ಅಂದ್ರೆ ಹೈಡ್ರೋಜನ್ ಅಯಾನು, ಇದೆ ಅನ್ನೋದರ) ಲಾಗ್, ಅದೂ ಮೈನಸ್ ಹಾಕಿದ್ದು. ಕೂಡಿಸೋದಿದ್ರೆ ಎಚ್ ಪ್ಲಸ್ ಕೂಡಿಸ್ಬೇಕು. ಪಿಎಚ್ 2 ಅಂದ್ರೆ ಲೀಟರಿಗೆ 0.01 ಮೋಲ್, 4 ಅಂದ್ರೆ 0.0001, ಅಂದ್ರೆ ಎರಡು ಪಟ್ಟು ವ್ಯತ್ಯಾಸ ಅಲ್ಲ, ನೂರು ಪಟ್ಟು. ಕೂಡಿದ್ರೆ 0.0101 ಮೋಲ್, ಈಗ ಅದು ಎರಡು ಲೀಟರಲ್ಲಿದೆ, ಹಾಗಾಗಿ ಲೀಟರಿಗೆ 0.00505. ಇದನ್ನ 5.05 ಇಂಟು 10ರ ಘಾತ ಮೈನಸ್ 3 ಅಂತ ಬರ್ಕೊಳಿ, ಲಾಗ್ 5.05 ಹತ್ರತ್ರ 0.70, 3ರಲ್ಲಿ ಅದನ್ನ ಕಳೆದ್ರೆ 2.30. ಕಳೀಬೇಕು, ಕೂಡಿಸಿ 3.70 ಮಾಡ್ಬೇಡಿ, ಅರ್ಧ ಕ್ಲಾಸು ಇಲ್ಲೇ ಬೀಳುತ್ತೆ. ಇನ್ನೊಂದು ಮಜಾ ನೋಡಿ, ಪಿಎಚ್ 4ರ ಬದಲು ಬರೀ ನೀರು ಒಂದು ಲೀಟರು ಹುಯ್ದಿದ್ರೂ ಅದೇ 2.30 ಬರ್ತಿತ್ತು! 2ರ ಎದುರಿಗೆ 4 ಅನ್ನೋದು ನೀರಿನ ಲೆಕ್ಕವೇ. ಇದು ಹೊಳೆದಿದ್ದು ವಾಪಸ್ ಬರೋ ಬಸ್ಸಲ್ಲಿ, ಟಿಕೆಟ್ ಹಿಂದೆ ಬರೆದು ನೋಡಿದ್ಮೇಲೆ.

ಹಾಗಾಗಿ ಲಿಸ್ಟ್ ಕೊಡಲ್ಲ, ಬೇಜಾರಾಗ್ಬೇಡಿ. ಲಿಸ್ಟ್ ಇದ್ದಷ್ಟೂ ಯಾವುದಕ್ಕೆ ಯಾವ್ದು ಅಂತ ಹುಡುಕೋದೇ ಕೆಲಸ ಆಗುತ್ತೆ. ಲಾಗ್ 2 ಅಂದ್ರೆ 0.3010, ಲಾಗ್ 3 ಅಂದ್ರೆ 0.4771, ಇವೆರಡು ಸಾಕು, 4, 5, 6, 8, 9 ಎಲ್ಲಾ ಇದರಿಂದಲೇ ಹುಟ್ಟುತ್ತೆ, ಸಿಇಟಿಲಿ ಕ್ಯಾಲ್ಕುಲೇಟರ್ ಬಿಡಲ್ಲ ಹೇಗಿದ್ರೂ. ಆಸಿಡ್ಡಿಗೆ ಬೇಸ್ ಬೆರೆಸಿದ್ರೆ ಮೊದಲು ಮೋಲ್ ಕಳೀರಿ, ಯಾವ್ದು ಉಳೀತು ನೋಡಿ, ಪಿಎಚ್ ಕೊನೇಗೆ. ಬಫರ್‌ಗೆ (ಒಂಚೂರು ಆಸಿಡ್ಡೋ ಬೇಸೋ ಬಿದ್ರೂ ಪಿಎಚ್ ಹೆಚ್ಚು ಅಲುಗದ ದ್ರಾವಣಕ್ಕೆ) ಹೆಂಡರ್ಸನ್ ಫಾರ್ಮುಲಾ ಒಂದು ಕಲೀರಿ, ಅದಕ್ಕೆ ನನ್ ತಕರಾರಿಲ್ಲ.

10ರ ಘಾತ ಮೈನಸ್ 8 ಮೊಲಾರ್ (ಲೀಟರಿಗೆ ಅಷ್ಟು ಮೋಲ್) ಎಚ್‌ಸಿಎಲ್‌ನ ಪಿಎಚ್ ಕೇಳಿದ್ರೆ 8 ಅಂತ ಬರೆದು ಬರ್ಬೇಡಿ ಮತ್ತೆ. ನೀರಿಗೆ ಆಸಿಡ್ ಹಾಕಿ ಅದು ಬೇಸ್ ಆಗೋದುಂಟಾ? ನೀರಿಂದು ಕೂಡ ಎಚ್ ಪ್ಲಸ್ ಇರುತ್ತೆ, ಅದನ್ನೂ ಸೇರಿಸಿದ್ರೆ 6.98 ಬರುತ್ತೆ. ಮೀಡಿಯಂ ಬಗ್ಗೆ ತಲೆ ಕೆಡಿಸ್ಕೋಬೇಡಿ, ನಮ್ ಕ್ಲಾಸಲ್ಲಿ ಇಂಗ್ಲಿಷ್ ಮೀಡಿಯಂನೋರೂ 8 ಅಂತಾನೇ ಬರೆದಿದ್ರು.