ಟೆಲಿಸ್ಕೋಪ್ ಆಮೇಲೆ ನೋಡೋಣ

ಟ್ರೈಪಾಡ್ ಮೇಲೆ 50 ಎಂಎಂ ಲೆನ್ಸ್ ಇಟ್ಟು 20 ಸೆಕೆಂಡ್ ತೆಗೆದರೆ ನಕ್ಷತ್ರಗಳೆಲ್ಲ ಗೆರೆ ಗೆರೆ ಬರುತ್ತವೆ, ಓರಿಯನ್ ನೆಬ್ಯುಲಾ (ಓರಿಯನ್ ನಕ್ಷತ್ರಪುಂಜದಲ್ಲಿರುವ ಅನಿಲ, ಧೂಳಿನ ಮೋಡ) ಫೋಟೋ ತೆಗೆಯಲು ಟೆಲಿಸ್ಕೋಪೇ ಬೇಕಾ ಅಂತ ಕೇಳಿದ್ದೀರಿ. ಬೇಡ. ತಿರುಗುತ್ತಿರುವುದು ಭೂಮಿ, ಲೆನ್ಸ್ ತಪ್ಪಲ್ಲ. 500 ಅನ್ನು ಫೋಕಲ್ ಲೆಂತ್‌ನಿಂದ (ಲೆನ್ಸ್‌ನ ಆ ಎಂಎಂ ಸಂಖ್ಯೆ) ಭಾಗಿಸಿದರೆ, ಗೆರೆ ಬರದಂತೆ ಒಂದು ಫೋಟೋಗೆ ಎಷ್ಟು ಸೆಕೆಂಡ್ ಕೊಡಬಹುದು ಅಂತ ಸಿಗುತ್ತದೆ. ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಆದರೆ 50 ಅನ್ನು 75 ಅಂತ ಹಿಡಿಯಬೇಕು, ಅಂದರೆ ಸುಮಾರು ಆರೂವರೆ, ನಾನಂತೂ 4 ದಾಟುವುದಿಲ್ಲ. ಅಂಥವು 200-300 ರಾ (ಜೆಪೆಗ್ ಮಾಡದ ಕಚ್ಚಾ ಫೈಲ್) ಫೋಟೋ ತೆಗೆದು, ಅವನ್ನು ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡುವ ಡೀಪ್‌ಸ್ಕೈಸ್ಟ್ಯಾಕರ್ ಸಾಫ್ಟ್‌ವೇರ್‌ನಲ್ಲಿ ಸೇರಿಸಿ, ಅದು ಉಚಿತ. ಲೆನ್ಸ್ ಮುಚ್ಚಿ, ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ 20 ಕಪ್ಪು ಫ್ರೇಮೂ ಇರಲಿ, ಸೆನ್ಸರ್‌ನ ನಾಯ್ಸ್ ಕಳೆಯಲು ಅವು ಬೇಕು. ಫೋಕಸ್ ಮಾತ್ರ ಆಟೋಗೆ ಬಿಡಬೇಡಿ. ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ ಕೈಯಲ್ಲೇ ಹೊಂದಿಸಿ; ನಾನು ಸುಮ್ನೆ ಲೆನ್ಸ್ ಮೇಲಿನ ಇನ್ಫಿನಿಟಿ (∞) ಗುರುತನ್ನು ನಂಬಿ ಒಂದಿಡೀ ರಾತ್ರಿ ಹಾಳು ಮಾಡಿಕೊಂಡಿದ್ದೇನೆ.